ಇಂಟರ್ವಲ್‌ಗೆ ಎದ್ದುಹೋದವರ ಮೆಚ್ಚುಗೆ

ದಾವಣಗೆರೆಯಲ್ಲಿ ಒಂದು ಸಿನಿಮಾ ಚೆನ್ನಾಗಿದೆ ಅಂತ ಅನ್ನಿಸಿಕೊಳ್ಳಬೇಕಾದರೆ ಅದನ್ನು ಮೊದಲು ಥಿಯೇಟರಿನಿಂದ ಎತ್ತಂಗಡಿ ಮಾಡಬೇಕು. ಆಮೇಲೆ ಅದು ಒಂದೆರಡು ವರ್ಷ ಎಲ್ಲೋ ಸುಮ್ನೆ ಬಿದ್ದಿರಬೇಕು. ಆಮೇಲೆ ಯಾರದೋ ಫೋನಿನಲ್ಲಿ ಪುಕ್ಕಟೆ ಸಿಗಬೇಕು. ಆಗ ನೋಡಿ, ಊರಿಗೆ ಊರೇ ಹಣೆ ಚಚ್ಚಿಕೊಳ್ಳುತ್ತದೆ. "ಛೇ, ಎಂಥಾ ಸಿನಿಮಾ! ಅಂಡರ್‌ರೇಟೆಡ್ ಕಣಣ್ಣ!"

ಸದ್ಯ ಈ ಭಾಗ್ಯ ಸಿಕ್ಕಿರುವುದು ಒಂದು ಆಕ್ಷನ್ ಥ್ರಿಲ್ಲರ್‌ಗೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನಮ್ಮ ಮನೆ ಮುಂದೆ ಎರಡು ಅಭಿಮಾನಿ ಸಂಘಗಳು ಬಂದು ನಿಲ್ಲುತ್ತವೆ. ಒಂದು ಬೈಯೋಕೆ, ಇನ್ನೊಂದು ಅದನ್ನು ವಿಡಿಯೋ ಮಾಡೋಕೆ. ಹೀರೋನನ್ನು 'ಅಣ್ಣ' ಅಂತಲೇ ಕರೆಯೋಣ. ಅಣ್ಣ ಇಷ್ಟು ವರ್ಷ ಏನು ಮಾಡುತ್ತಿದ್ದರು ಅಂತ ನಿಮಗೂ ಗೊತ್ತು. ಜೀಪಿನಿಂದ ಮೊದಲು ಬೂಟು ಇಳಿಯುತ್ತದೆ. ಆಮೇಲೆ ಬೆಲ್ಟು, ಆಮೇಲೆ ಕೂಲಿಂಗ್ ಗ್ಲಾಸು. ಮುಖ ಕಾಣುವ ಹೊತ್ತಿಗೆ ಪಾಪ್‌ಕಾರ್ನ್ ಖಾಲಿ. ಒಂದು ಗುದ್ದಿಗೆ ಎಂಟು ಜನ ಮೇಲಕ್ಕೆ ಹಾರಿ, ಅಲ್ಲೇ ಸ್ವಲ್ಪ ಹೊತ್ತು ವಿಚಾರ ಮಾಡಿ, ಕೆಳಗೆ ಬೀಳುತ್ತಾರೆ.

ಈ ಸಿನಿಮಾದಲ್ಲಿ ಅಣ್ಣ ಕೋರ್ಟಿನ ಗುಮಾಸ್ತ. ಸಕ್ಕರೆ ಕಾಯಿಲೆ ಬೇರೆ. ಒಬ್ಬ ಸಾಕ್ಷಿಯನ್ನು ಬೆಳಗಾಗುವುದರೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು. ಹಿಂದೆ ಕೊಲೆಗಡುಕರು ಬಿದ್ದಿದ್ದಾರೆ. ಅಣ್ಣ ಓಡುತ್ತಾರೆ, ಏದುಸಿರು ಬಿಡುತ್ತಾರೆ, ಜಗಲಿ ಸಿಕ್ಕಲ್ಲಿ ಕೂರುತ್ತಾರೆ. ಒಬ್ಬನಿಗೆ ಗುದ್ದಲು ಹೋಗಿ ತಮ್ಮದೇ ಬೆರಳು ಮುರಿದುಕೊಳ್ಳುತ್ತಾರೆ. ಆಮೇಲೆ ಸಿನಿಮಾ ಮುಗಿಯುವವರೆಗೂ ಆ ಬೆರಳಿಗೆ ಕರ್ಚೀಫು ಸುತ್ತಿಕೊಂಡೇ ಓಡಾಡುತ್ತಾರೆ. ಕೊನೆಯ ಫೈಟಿನಲ್ಲಿ ಗೆಲ್ಲುವುದು ಹೇಗೆ ಗೊತ್ತಾ? ವಿಲನ್‌ನನ್ನು ರೆಕಾರ್ಡ್ ರೂಮಿನೊಳಗೆ ಬಿಟ್ಟುಕೊಂಡು, ಹೊರಗಿನಿಂದ ಚಿಲಕ ಹಾಕಿ. ನನಗಂತೂ ಎದೆ ಡವಡವ ಅಂದಿತು. ಹೀರೋ ಸಾಯಲೂಬಹುದು ಅಂತ ಭಯವಾಗದಿದ್ದರೆ ಥ್ರಿಲ್ ಎಲ್ಲಿಂದ ಬರಬೇಕು, ಅಲ್ವಾ?

ಅಭಿಮಾನಿಗಳ ಲೆಕ್ಕವೇ ಬೇರೆ. ಮೊದಲ ಶೋಗೆ ಮುಂಚೆ ಕಟೌಟಿಗೆ ಹಾಲು ಸುರಿದಾಗಿತ್ತು. ಕ್ರೇನ್ ತರಿಸಿ ಸೇಬಿನ ಹಾರ ಹಾಕಿಯಾಗಿತ್ತು. ಕಟೌಟಿನಲ್ಲಿ ಅಣ್ಣನ ಎರಡೂ ಕೈಯಲ್ಲಿ ಮಚ್ಚು. ಪರದೆ ಮೇಲೆ ನೋಡಿದರೆ ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಟಿಫಿನ್ ಬಾಕ್ಸು. ಇಂಟರ್ವಲ್‌ಗೆ ಸ್ವಲ್ಪ ಮುಂಚೆ ವಿಲನ್ ಬಂದು ಅಣ್ಣನ ಕೆನ್ನೆಗೆ ಬಾರಿಸಿದ. ಥಿಯೇಟರ್ ಗಪ್‌ಚುಪ್. ಶಿಳ್ಳೆ ಹಾಕುವವರು ಬಾಯಿಗೆ ಬೆರಳಿಟ್ಟುಕೊಂಡು ರೆಡಿಯಾದರು. ಅಣ್ಣ ಕೆಳಗೆ ಬಗ್ಗಿದರು. ಬಗ್ಗಿ, ಬಿದ್ದ ಕನ್ನಡಕ ಹುಡುಕಿದರು. ಅಷ್ಟೇ.

"ನಮ್ಮಣ್ಣ ಏಟು ತಿನ್ನೋದನ್ನ ನೋಡಾಕೆ ನಾವ್ಯಾಕಲೇ ದುಡ್ಡು ಕೊಡಬೇಕು? ಮನ್ಯಾಗೆ ನಾವೇ ಪುಕ್ಕಟೆ ತಿಂತೀವಿ" ಎಂದು ಒಬ್ಬ ಎದ್ದ. ಅವನ ಹಿಂದೆ ಇಡೀ ಸಾಲು ಎದ್ದಿತು. ಸೋಮವಾರದ ಮ್ಯಾಟ್ನಿಗೆ ಉಳಿದವರು ಗೇಟ್‌ಕೀಪರು, ಪ್ರೊಜೆಕ್ಟರ್ ಹುಡುಗ, ಮತ್ತೆ ತಂಪಾಗಿರುತ್ತದೆ ಅಂತ ಬಂದ ಒಂದು ಜೋಡಿ. ಆ ಜೋಡಿಗೂ ಕಥೆ ಅಷ್ಟಾಗಿ ತಲೆಗೆ ಹೋಗಲಿಲ್ಲವಂತೆ.

ನಮ್ಮ ಜನ ಮೊದಲಿನಿಂದ ಹೀಗಿರಲಿಲ್ಲ. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಶಿವನಿಗೆ ಕಣ್ಣು ಕಿತ್ತುಕೊಟ್ಟ ರಾಜ್‌ಕುಮಾರ್, ಕನಕದಾಸರೂ ಕಬೀರರೂ ಆಗಿ ಮುಗಿಸಿ, 1968ರಲ್ಲಿ 'ಜೇಡರ ಬಲೆ'ಯಲ್ಲಿ ಪಿಸ್ತೂಲು ಹಿಡಿದು ಸಿಐಡಿ 999 ಆದರು. ಕನಕದಾಸರ ಕೈಗೆ ಪಿಸ್ತೂಲಾ ಅಂತ ಜನ ಮುಖ ತಿರುಗಿಸಿದ್ದರೆ ಆ 999 ಅಲ್ಲಿಗೇ ಮನೆಗೆ ಹೋಗಬೇಕಿತ್ತು. ಅದೇ ವರ್ಷ ಗೋವಾಕ್ಕೆ ಹೋದ, ಮರುವರ್ಷ ಮತ್ತೆ ಬಂದ, 1978ರಲ್ಲಿ ವಜ್ರದ ಕಳ್ಳರ ಹಿಂದೆ ಬಿದ್ದ. ಮೃದು ಮಾತಿನ ಅನಂತ್ ನಾಗ್ 1980ರ 'ಮಿಂಚಿನ ಓಟ'ದಲ್ಲಿ ಕಾರು ಕದ್ದರು. ತಮ್ಮ ಶಂಕರ್ ನಾಗ್ ಅವರೇ ಡೈರೆಕ್ಟರು, ಕಳ್ಳತನದಲ್ಲೂ ಜೊತೆಗಾರ. ಅಷ್ಟು ದೂರ ಯಾಕೆ, ಪಕ್ಕದ ಚಿತ್ರದುರ್ಗದ ಕೋಟೆಯಲ್ಲಿ ತೆಗೆದ 1972ರ 'ನಾಗರಹಾವು' ನೋಡಿ. ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಅದು ಆಗ ನಮ್ಮ ಜಿಲ್ಲೆಯದೇ ಸಿನಿಮಾ. ಅಂಬರೀಷ್ ಅವರ ಮೊದಲ ಪಾತ್ರವೇ ಪೋಲಿ ಜಲೀಲ. ರಾಮಾಚಾರಿ ಕೈಯಲ್ಲಿ ಒದೆ ತಿಂದರು. ತಿಂದವರು ಮುಂದೆ ರೆಬೆಲ್ ಸ್ಟಾರ್ ಆದರು.

ಇರಲಿ, ಅಣ್ಣನ ಸಿನಿಮಾ ಈಗ ಫೋನಿಗೆ ಬಂದಿದೆ. ಮೊನ್ನೆ ಬೆಣ್ಣೆದೋಸೆ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನಿಂದ ವ್ಯಾಖ್ಯಾನ ಕೇಳಿಸಿತು. "ಆ ಚಿಲಕದ ಸೀನ್ ಐತಲ್ಲ, ಅದರಾಗೆ ಅಣ್ಣ ಕಣ್ಣಲ್ಲೇ ಆಕ್ಟಿಂಗ್ ಮಾಡ್ಯಾರೆ." ತಿರುಗಿ ನೋಡಿದರೆ, ಅವತ್ತು ಮೊದಲು ಎದ್ದುಹೋದವನೇ! ನೋಡದ ಸೆಕೆಂಡ್ ಹಾಫಿನ ಬಗ್ಗೆಯೇ ಅವನಿಗೆ ಜಾಸ್ತಿ ಅಭಿಮಾನ. "ಜನಕ್ಕೆ ಟೇಸ್ಟ್ ಇಲ್ಲ ಸಾರ್" ಎಂದ. ಯಾವ ಜನ ಅಂತ ಕೇಳಿದೆ. ಹರಿಹರದ ಕಡೆ ಕೈ ತೋರಿಸಿದ. ಹರಿಹರದಲ್ಲಿ ಕೇಳಿದ್ದರೆ ಕೈ ಯಾವ ಕಡೆ ಹೋಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಿನಿಮಾ ಕೊಂದದ್ದು ಯಾರು ಅನ್ನುವ ತನಿಖೆ ಆ ಸಿನಿಮಾಕ್ಕಿಂತ ದೊಡ್ಡ ಥ್ರಿಲ್ಲರ್. ಡಿಸ್ಟ್ರಿಬ್ಯೂಟರ್ ಅಂದರು. ಕ್ರಿಕೆಟ್ ಅಂದರು. ಎದುರು ಪಾರ್ಟಿ ಸ್ಟಾರಿನ ಹುಡುಗರು ಅಂದರು. ಒಬ್ಬರು ಟಿಕೆಟ್ ರೇಟು ಅಂದರು. 200 ರೂಪಾಯಿ ಮೀರಬಾರದು ಅಂತ 2025ರಲ್ಲಿ ಸರ್ಕಾರ ಆದೇಶ ಹೊರಡಿಸಿ, ಅದಕ್ಕೆ ಹೈಕೋರ್ಟ್ ತಡೆ ಕೊಟ್ಟದ್ದನ್ನೆಲ್ಲ ವಿವರವಾಗಿ ಹೇಳಿದರು. ಅಣ್ಣನ ಸಿನಿಮಾದ ಟಿಕೆಟ್ ನಮ್ಮೂರಲ್ಲಿ ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಇನ್ನೊಬ್ಬರು ಅಶೋಕ ಟಾಕೀಸ್ ರೈಲ್ವೆ ಗೇಟ್ ಅಂದರು. ಅದನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ. ದಾವಣಗೆರೆಯಲ್ಲಿ ಹೆರಿಗೆಯಿಂದ ಹಿಡಿದು ಹಾಜರಿವರೆಗೆ ತಡವಾದದ್ದಕ್ಕೆಲ್ಲ ವರ್ಷಾನುಗಟ್ಟಲೆ ಜಾಮೀನು ಕೊಟ್ಟ ಗೇಟು ಅದು.

ಕೊನೆಗೆ ನ್ಯಾಯ ಬೇಕು ಅಂತ ಎಲ್ಲರೂ ಸೇರಿ ಥಿಯೇಟರ್ ಮಾಲೀಕರ ಹತ್ತಿರ ಹೋದರು. ಮರುಬಿಡುಗಡೆ ಆಗಲೇಬೇಕು, ಇಲ್ಲದಿದ್ದರೆ ಹೋರಾಟ. ಮಾಲೀಕರು ಪಾಪ, ಒಪ್ಪಿದರು. ಪೋಸ್ಟರ್ ಅಂಟಿತು. ಶೋ ಶುರುವಾಯಿತು. ಹೋರಾಟಗಾರರು ಎಲ್ಲರೂ ಹೊರಗೆ ಪೋಸ್ಟರ್ ಮುಂದೆ ಸೆಲ್ಫಿ ತೆಗೆದುಕೊಂಡು, ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದರು.

"ಒಳಗೆ ಬರ್ರಪ್ಪಾ" ಎಂದು ಮಾಲೀಕರು ಕರೆದರು.

"ಫೋನಾಗೆ ನೋಡೀವಲ್ಲಣ್ಣ. ನಮ್ಮ ಸಪೋರ್ಟ್ ಐತಿ ಬಿಡಿ."

ಅಷ್ಟರಲ್ಲಿ ಅಣ್ಣನ ಹೊಸ ಸಿನಿಮಾದ ಟೀಸರ್ ಬಂತು. ಈ ಸಲ ಜೀಪೇ ಆಕಾಶದಿಂದ ಇಳಿಯುತ್ತದೆ. ಎಲ್ಲರೂ ಫೋನಿನ ಮೇಲೆ ಬಾಗಿ ನೋಡಿದರು. "ಅಣ್ಣ ಅದನ್ನೇ ಮಾಡ್ತಾರಪ್ಪ, ಏನಾರ ಬೇರೆ ಥರ ಟ್ರೈ ಮಾಡಬೇಕಿತ್ತು" ಎಂದು ಒಬ್ಬ ಲೊಚಗುಟ್ಟಿದ.

ಮಾಲೀಕರು ಮುಂದಿನ ವರ್ಷ ಥಿಯೇಟರ್ ಒಡೆಸಿ ಕಲ್ಯಾಣ ಮಂಟಪ ಕಟ್ಟಿಸುತ್ತಾರಂತೆ. ಊಟ ಇಟ್ಟರೆ ಯಾರೂ ಮಧ್ಯದಲ್ಲಿ ಎದ್ದು ಹೋಗೋದಿಲ್ಲ ಅನ್ನುವುದು ಅವರ ನಂಬಿಕೆ.