ರಾತಾತೂಯ್‌ಗೆ ಎಷ್ಟು ಕೂಗು?

"ಸೂಪ್ ಚೆನ್ನಾಗಿದೆ" ಅಂದರು ಕೆಳಗಿನ ಮನೆಯ ಅಜ್ಜಿ. ನಾನು ಕೊಟ್ಟಿದ್ದು ಸೂಪಲ್ಲ, ರಾತಾತೂಯ್ ಅನ್ನೋ ಫ್ರೆಂಚ್ ತರಕಾರಿ ಅಡುಗೆ. ಅದೂ ಅದರ ತವರು, ಫ್ರಾನ್ಸಿನ ನೀಸ್ ಊರಲ್ಲೇ ಇದ್ದುಕೊಂಡು, ನೀಸ್‌ನವರಿಗೇ ಬಟ್ಟಲು ತುಂಬಾ ಕೊಟ್ಟಿದ್ದೆ. ನನ್ನ ಮುಖ ಸಪ್ಪಗಾಯಿತು.

ಹೇಗೆ ಮಾಡಿದೆ ಅಂತ ಕೇಳಿದರು. ಬದನೆಕಾಯಿ, ಸೌತೆಕಾಯಿ ಥರ ಕಾಣೋ ಜುಕಿನಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ, ಈರುಳ್ಳಿ ಎಲ್ಲಾ ಹೆಚ್ಚಿ ಕುಕ್ಕರಿಗೆ ಹಾಕಿ ಎರಡು ಕೂಗು ಕೂಗಿಸಿದೆ ಅಂದೆ. ಬದನೆಕಾಯಿ ನಮ್ಮ ಕಡೆಯಿಂದಲೇ ಇಲ್ಲಿಗೆ ಬಂದದ್ದು, ಇವರೇನು ನನಗೆ ಹೇಳಿಕೊಡೋದು ಅನ್ನೋ ಹಮ್ಮು ಬೇರೆ. ಫ್ರೆಂಚಲ್ಲಿ 'ತೂಯೇ' ಅಂದರೆ ಕಲಕೋದು. ಹೆಸರಲ್ಲೇ ಕಲಕೋದು ಇದ್ದಮೇಲೆ ಒಟ್ಟಿಗೆ ಬೇಯಿಸಿದರೆ ತಪ್ಪೇನು ಅಂತ ವಾದಿಸಿದೆ. ಅಜ್ಜಿ ಅದಕ್ಕೆ ಉತ್ತರ ಕೊಡಲಿಲ್ಲ. ಶನಿವಾರ ಬೆಳಗ್ಗೆ ನನ್ನ ಜೊತೆ ಕೂರ್ ಸಲೇಯಾ ಮಾರ್ಕೆಟ್ಟಿಗೆ ಬಾ ಅಂದರು.

ಅವತ್ತು ಅವರ ಒಲೆ ಪಕ್ಕ ನಿಂತು ನೋಡಿದೆ. ಬಾಣಲೆಯಲ್ಲಿ ಆಲಿವ್ ಎಣ್ಣೆ. ಮೊದಲು ಬರೀ ಬದನೆಕಾಯಿ. ಅದು ಎಣ್ಣೆಯನ್ನೆಲ್ಲಾ ಕುಡಿದು, ಅಂಚು ಕೆಂಪಗಾಗಿ, ಕುಡಿದದ್ದರಲ್ಲಿ ಸ್ವಲ್ಪ ವಾಪಸ್ ಬಿಟ್ಟಿತು. ತೆಗೆದು ತಟ್ಟೆಗೆ ಹಾಕಿದರು. ಆಮೇಲೆ ಜುಕಿನಿ, ಅದೂ ತಟ್ಟೆಗೆ. ಆಮೇಲೆ ದೊಣ್ಣೆಮೆಣಸಿನಕಾಯಿ. ಪಕ್ಕದ ಒಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಒಂದು ಕಡ್ಡಿ ಥೈಮ್ ಅನ್ನೋ ಘಮದ ಸೊಪ್ಪು, ಸಣ್ಣ ಉರಿಯಲ್ಲಿ ಗೊಜ್ಜಿನ ಹದಕ್ಕೆ ಬರುತ್ತಿತ್ತು. ಎಲ್ಲವೂ ಒಂದಾಗಿದ್ದು ಕೊನೆಯ 20 ನಿಮಿಷ ಮಾತ್ರ. ಒಲೆ ಆರಿಸಿದ ಮೇಲೆ ಕಾಮಕಸ್ತೂರಿ ಎಲೆ. ಜುಲೈ ಸೆಖೆಯಲ್ಲಿ ಒಂದೂವರೆ ಗಂಟೆ! ಅಷ್ಟಾದ ಮೇಲೆ, ತಿನ್ನೋದು ನಾಳೆ ಅಂದುಬಿಟ್ಟರು. ತಂಗಳಾದರೇ ರುಚಿಯಂತೆ.

ಮರುದಿನ ತಣ್ಣಗೇ, ಬ್ರೆಡ್ಡಿನ ಜೊತೆ ತಿಂದೆ. ಬದನೆಕಾಯಿ ಬದನೆಕಾಯಿಯಾಗಿಯೇ ಇತ್ತು. ಜುಕಿನಿಗೂ ಒಂದು ರುಚಿ ಇದೆ ಅಂತ ಅವತ್ತೇ ಗೊತ್ತಾಗಿದ್ದು. ನಮ್ಮವರಿಗೆ ತರಕಾರಿ ಮೇಲೆ ಮರ್ಯಾದೆಯೇ ಇಲ್ಲ ಅನಿಸಿತು. ಮದುವೆಮನೆ ಸಾಗು ನೆನಪು ಮಾಡಿಕೊಳ್ಳಿ. ಕಣ್ಣು ಮುಚ್ಚಿ ತಿಂದರೆ ಕ್ಯಾರೆಟ್ ಯಾವುದು, ಹುರುಳಿಕಾಯಿ ಯಾವುದು ಹೇಳೋಕಾಗುತ್ತಾ? ಬೆಂಗಳೂರಿನ ನಮ್ಮ ರೂಮಿನಲ್ಲಂತೂ ಮೂರು ಕೂಗಿಗೆ ಬಗ್ಗದ ತರಕಾರಿ ಇರಲಿಲ್ಲ.

ಇದನ್ನೆಲ್ಲಾ ಅಮ್ಮನಿಗೆ ಫೋನಲ್ಲಿ ಒಂದೇ ಉಸಿರಿಗೆ ಹೇಳಿದೆ. "ಬೆಂಡೆಕಾಯಿ ಹುಳಿಗೆ ಬೆಂಡೆಕಾಯಿ ಬೇರೆ ಹುರ್ಕೊಂಡು ಹಾಕೋದು ನೀನು ನೋಡೇ ಇಲ್ವೇನೋ? ಅಡುಗೆಮನೆ ಕಡೆ ತಲೆ ಹಾಕಿದ್ರೆ ತಾನೆ" ಅಂದಳು.

ಹೌದು, ಲೋಳೆ ಹೋಗುವ ತನಕ ಬಾಣಲೆ ಮುಂದೆ ನಿಂತಿರುತ್ತಿದ್ದಳು. ಹಿಂದಿನ ದಿನದ ಹುಳಿಯೇ ಬೇಕು ಅಂತ ಹಟ ಮಾಡಿ ಕಲಸಿಕೊಂಡು ತಿನ್ನುತ್ತಿದ್ದವನೂ ನಾನೇ. ಮೂರು ಕೂಗಿನ ಶಾಸ್ತ್ರ ಅಮ್ಮನದಲ್ಲ, ನಮ್ಮ ರೂಮಿನದು. ಒಪ್ಪಿದೆ. ಸಾಗು ವಿಷಯದಲ್ಲಿ ಮಾತ್ರ ಸೋಲಲ್ಲ.