ಸೊನ್ನೆಯ ಪ್ರದಕ್ಷಿಣೆ

2007ರ ಬೇಸಿಗೆಯಲ್ಲಿ ನಾನು ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿಗೆ ಕೆಲಸಕ್ಕೆಂದು ಬಂದು ಮೂರು ವಾರವಾಗಿತ್ತಷ್ಟೆ. ಒಂದು ಶುಕ್ರವಾರ ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಬಳಿ ಬಂದು, "ಸಂಜೆ ಇಂಡಿಯನ್ಸ್ ನೋಡಲು ಹೋಗುತ್ತಿದ್ದೇವೆ, ನೀವೂ ಬರುತ್ತೀರಾ?" ಎಂದು ಕೇಳಿದರು. ಪರದೇಶದಲ್ಲಿ ನಮ್ಮವರ ಸಮಾರಂಭವೊಂದನ್ನು ಹುಡುಕಿ ನನ್ನನ್ನು ಕರೆದೊಯ್ಯಲು ಹೊರಟಿರುವ ಇವರ ಸೌಜನ್ಯಕ್ಕೆ ನನ್ನ ಕಣ್ಣು ತುಂಬಿ ಬಂತು. ಮನೆಗೆ ಧಾವಿಸಿ, ಪೆಟ್ಟಿಗೆಯ ತಳದಿಂದ ರೇಷ್ಮೆ ಜುಬ್ಬಾ ತೆಗೆದು ಇಸ್ತ್ರಿ ಮಾಡಿ ತೊಟ್ಟುಕೊಂಡು, ಅಮ್ಮ ಕಟ್ಟಿಕೊಟ್ಟಿದ್ದ ಕೋಡುಬಳೆಯ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೇಳಿದ ವಿಳಾಸಕ್ಕೆ ಹೋದೆ. ಸಮೀಪಿಸುತ್ತಿದ್ದಂತೆ ಗಂಭೀರವಾದ ಡೊಳ್ಳಿನ ಸದ್ದು ಕೇಳಿಸಿದ್ದರಿಂದ, ಮೆರವಣಿಗೆ ಆಗಲೇ ಶುರುವಾಗಿಬಿಟ್ಟಿದೆಯೆಂದು ಹೆಜ್ಜೆಯನ್ನು ಇನ್ನಷ್ಟು ಚುರುಕುಗೊಳಿಸಿದೆ.

ಅದು ಜೇಕಬ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನ. ಇಂಡಿಯನ್ಸ್ ಎಂಬುದು ಊರಿನ ತಂಡದ ಅಂದಿನ ಹೆಸರು. ಡೊಳ್ಳು ಬಾರಿಸುತ್ತಿದ್ದವರು ಜಾನ್ ಆಡಮ್ಸ್ ಎಂಬ ಅಭಿಮಾನಿ. 1973ರಿಂದ ಗ್ಯಾಲರಿಯ ತುದಿಯ ಸಾಲಿನಲ್ಲಿ ಕುಳಿತು, ತಂಡಕ್ಕೆ ಓಟ ಬೇಕಾದಾಗಲೆಲ್ಲ ದೊಡ್ಡ ಡ್ರಮ್ಮೊಂದನ್ನು ಬಾರಿಸುತ್ತ ಬಂದಿದ್ದ ಅವರು 2023ರಲ್ಲಿ ತೀರಿಕೊಂಡಾಗ ಊರಿಗೆ ಊರೇ ಮರುಗಿತು. ಆ ಸಂಜೆ ಮಾತ್ರ ಮರುಗುವ ಸರದಿ ನನ್ನದಾಗಿತ್ತು. ಸುತ್ತಲಿನ ಸಾವಿರಾರು ಜನ ಎದೆಯ ಮೇಲೆ 'ಇಂಡಿಯನ್ಸ್' ಎಂದು ಬರೆದುಕೊಂಡಿದ್ದರು. ಬರೆದುಕೊಳ್ಳದೆ ಬಂದಿದ್ದ ಇಂಡಿಯನ್ ನಾನೊಬ್ಬನೇ. ಆಟದ ನಡುವೆ ಹಾಡಲು ಬಂದ ಕಲಾವಿದನೆಂದು ಭಾವಿಸಿ ಇಬ್ಬರು ನನ್ನ ಕೈ ಕುಲುಕಿದರು. ಇಲ್ಲಿಯ ಮೂಲನಿವಾಸಿಗಳು ಬಹಳ ವರ್ಷ ಪ್ರತಿಭಟಿಸಿದ ಮೇಲೆ 2021ರ ನವೆಂಬರಿನಲ್ಲಿ ಆ ಹೆಸರು ಹೋಗಿ, ಊರ ಸೇತುವೆಯ ಮೇಲಿನ ಕಲ್ಲಿನ ಕಾವಲುಗಾರರ ನೆನಪಿಗೆ ಗಾರ್ಡಿಯನ್ಸ್ ಎಂಬ ಹೆಸರು ಬಂತು. ಅವರ ಕಾರಣ ನನ್ನದಕ್ಕಿಂತ ಎಷ್ಟೋ ಗುರುತರವಾದುದು. ಆದರೂ ಒಂದು ಜುಬ್ಬಾದ ಮಾನದ ದೃಷ್ಟಿಯಿಂದ ನಾನೂ ಆ ಬದಲಾವಣೆಯನ್ನು ಸ್ವಾಗತಿಸಿದೆ.

ಕ್ರಿಕೆಟ್ ಬಲ್ಲವನಿಗೆ ಬೇಸ್‌ಬಾಲ್ ಸುಲಭವೆಂದು ಹೇಳುವವರನ್ನು ನಂಬಬಾರದು. ಕನ್ನಡ ಬಲ್ಲವನು ತೆಲುಗಿನ ಬಸ್ಸಿನ ಫಲಕ ನೋಡಿದಂತೆ ಅದು: ಅಕ್ಷರಗಳೆಲ್ಲ ಪರಿಚಿತ, ಬಸ್ಸು ಮಾತ್ರ ಬೇರೆ ಊರಿಗೆ ಹೋಗುತ್ತದೆ. ಹೊಡೆದವನು ದಾಂಡನ್ನು ಎಸೆದು, ಬೇಸ್ ಎಂಬ ನಿಲ್ದಾಣಗಳತ್ತ ಓಡುತ್ತಾನೆ. ಮೂರನೆಯ ಸ್ಟ್ರೈಕಿಗೆ ಔಟಾಗಬೇಕಾದವನು, ಹಿಂದೆ ಕುಳಿತವನು ಚೆಂಡನ್ನು ಕೈಚೆಲ್ಲಿದರೆ, ಕೆಲವೊಮ್ಮೆ ಹೊಡೆಯದೆಯೂ ಓಡುತ್ತಾನೆ. ಹತ್ತು ಸರದಿಯಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಮಹಾಶೂರ. 1941ರಲ್ಲಿ ಟೆಡ್ ವಿಲಿಯಮ್ಸ್ ಹತ್ತಕ್ಕೆ ನಾಲ್ಕರ ಗೆರೆ ದಾಟಿದ ಮೇಲೆ ಅಮೆರಿಕನ್ ಮತ್ತು ನ್ಯಾಷನಲ್ ಎಂಬ ಎರಡು ದೊಡ್ಡ ಲೀಗುಗಳಲ್ಲಿ ಒಂದು ಇಡೀ ಋತುವಿಗೆ ಅದನ್ನು ಮತ್ತಾರೂ ದಾಟಿಲ್ಲ. ನೂರಕ್ಕೆ ಮೂವತ್ತೈದು ಬಂದರೆ ಪಾಸು ಎಂಬ ಲೆಕ್ಕದಲ್ಲಿ ಬೆಳೆದ ನನಗೆ, ಮೂವತ್ತಕ್ಕೇ ಕೋಟಿಗಟ್ಟಲೆ ಸಂಬಳ ಕೊಡುವ ಈ ಪರೀಕ್ಷೆಯ ಮೇಲೆ ಮೊದಲ ದಿನವೇ ಪ್ರೀತಿ ಹುಟ್ಟಿತು.

ಮರುವರ್ಷ, ತಕ್ಕ ಅಂಗಿ ತೊಟ್ಟು, ಮೂರನೆಯ ಬೇಸಿನ ಪಕ್ಕದ ಗ್ಯಾಲರಿಯಲ್ಲಿ ಕುಳಿತಿದ್ದೆ. ಫೌಲ್ ಆದ, ಎಂದರೆ ಗೆರೆಯಾಚೆಗೆ ಹೊಡೆದ, ಚೆಂಡೊಂದು ಮುಂದಿನ ಆಸನಕ್ಕೆ ಬಡಿದು, ಪುಟಿದು, ನೇರವಾಗಿ ನನ್ನ ಮಡಿಲಿಗೆ ಬಿತ್ತು. ಚಿನ್ನಸ್ವಾಮಿ ಕ್ರೀಡಾಂಗಣದ ಕಟ್ಟೆಯಲ್ಲಿ ಕುಳಿತು ಬೆಳೆದವನಿಗೆ ಇಂಥ ಹೊತ್ತಿನಲ್ಲಿ ಯೋಚನೆಯೇ ಬೇಕಿಲ್ಲ; ಚೆಂಡು ಬಂದರೆ ಆಟ ನಿಲ್ಲಬಾರದೆಂದು ತಕ್ಷಣ ಒಳಗೆ ಎಸೆಯುವುದು ನಾಗರಿಕನ ಕರ್ತವ್ಯ. ಎದ್ದು ನಿಂತು, ಭುಜ ತಿರುಗಿಸಿ, ಎಡಗಡೆಯ ಫೀಲ್ಡರಿನ ಕಾಲ ಬುಡಕ್ಕೇ ಹೋಗುವಂತೆ ಒಂದು ಎಸೆತ ಎಸೆದೆ. ಚಪ್ಪಾಳೆ ಬರಲಿಲ್ಲ. ಇಲ್ಲಿ ಒಂದು ಪಂದ್ಯಕ್ಕೆ ಚೆಂಡುಗಳನ್ನು ಡಜನ್ನುಗಟ್ಟಲೆ ಬಳಸುತ್ತಾರೆಂಬುದೂ, ಗ್ಯಾಲರಿಗೆ ಬಂದ ಚೆಂಡು ಹಿಡಿದವನ ಪಾಲಿನ ಆಜನ್ಮ ಸಂಪತ್ತೆಂಬುದೂ, ಅದಕ್ಕಾಗಿಯೇ ಮಕ್ಕಳು ಗ್ಲೌಸು ತೊಟ್ಟು ಬರುತ್ತಾರೆಂಬುದೂ ನನಗೆ ತಿಳಿದದ್ದು ಪಕ್ಕದಲ್ಲಿದ್ದ ಏಳೆಂಟು ವರ್ಷದ ಹುಡುಗನ ಕೆಳತುಟಿ ನಡುಗತೊಡಗಿದ ಮೇಲೆ. ಕೊಟ್ಟ ಪ್ರಸಾದವನ್ನು ಅರ್ಚಕರ ತಟ್ಟೆಗೇ ಮರಳಿ ಹಾಕಿದವನನ್ನು ನೋಡುವಂತೆ ಆ ಫೀಲ್ಡರು ನನ್ನನ್ನು ಒಮ್ಮೆ ನೋಡಿ, ಚೆಂಡನ್ನೆತ್ತಿ ಬೇರೊಂದು ಗ್ಯಾಲರಿಗೆ ಎಸೆದರು. ಪ್ಲಾಸ್ಟಿಕ್ಕಿನ ಪುಟ್ಟ ಹೆಲ್ಮೆಟ್ಟಿನಲ್ಲಿ ತುಂಬಿಕೊಡುವ ಐಸ್‌ಕ್ರೀಮನ್ನು ಆ ಹುಡುಗನಿಗೆ ಎರಡು ಸಲ ಕೊಡಿಸಿದರೂ ಅವನು ನನ್ನ ಕಡೆ ತಿರುಗಲಿಲ್ಲ. ಈಗ ಅವನಿಗೆ ಇಪ್ಪತ್ತೈದರ ಆಸುಪಾಸಿರಬೇಕು, ಮರೆತಿರಲಾರ.

ಬೇಸ್‌ಬಾಲಿನ ಬಗೆಗೆ ನನ್ನ ಖಚಿತ ಅಭಿಪ್ರಾಯವೆಂದರೆ ಅದು ಸಂಸಾರಸ್ಥರ ಆಟ. ಒಂದು ಋತುವಿಗೆ 162 ಪಂದ್ಯಗಳಿರುವುದರಿಂದ ಅದು ಸಂಜೆಯ ಧಾರಾವಾಹಿಯಂತೆ ಹರಿಯುತ್ತದೆ. ನಾಲ್ಕು ಕಂತು ತಪ್ಪಿದರೂ ಅತ್ತೆ ಅಲ್ಲೇ ಇರುತ್ತಾಳೆ, ಸೊಸೆ ಅಳುತ್ತಲೇ ಇರುತ್ತಾಳೆ. ಮೊದಲೆಲ್ಲ ಚೆಂಡೆಸೆಯುವ ಪಿಚರನು ಟೋಪಿ ಸರಿಪಡಿಸಿ, ಮಣ್ಣು ಕೆದರಿ, ಆಕಾಶ ನೋಡಿ ಎಸೆಯುವಷ್ಟರಲ್ಲಿ ನಾನು ಎರಡು ಅಂಗಿ ಮಡಚುತ್ತಿದ್ದೆ. 2023ರಲ್ಲಿ ಗಡಿಯಾರವಿಟ್ಟು, ಬೇಸುಗಳು ಖಾಲಿ ಇದ್ದರೆ ಹದಿನೈದು ಸೆಕೆಂಡಿನೊಳಗೆ ಎಸೆಯಬೇಕೆಂದು ನಿಯಮ ತಂದರು. ಅದಕ್ಕೂ ಮುಂಚೆ ಮೂರು ಗಂಟೆ ಮೀರುತ್ತಿದ್ದ ಪಂದ್ಯ ಸರಾಸರಿ ಎರಡು ಗಂಟೆ ನಲವತ್ತು ನಿಮಿಷಕ್ಕಿಳಿಯಿತು. ಜಗತ್ತೆಲ್ಲ ಇದನ್ನು ಸುಧಾರಣೆಯೆಂದು ಕೊಂಡಾಡಿತು. ನಮ್ಮ ಮನೆಯಲ್ಲಿ ಒಂಬತ್ತನೆಯ ಇನಿಂಗ್ಸ್ ಮುಗಿದರೂ ಅರ್ಧ ಬುಟ್ಟಿ ಬಟ್ಟೆ ಹಾಗೆಯೇ ಉಳಿಯತೊಡಗಿತು.

ನನ್ನ ಕ್ರಿಕೆಟ್ ಜ್ಞಾನ ನನಗೆ ಮಾಡಿದ ಅತಿದೊಡ್ಡ ದ್ರೋಹ 2016ರ ನವೆಂಬರ್ 2ರ ರಾತ್ರಿಯದು. ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಪ್ರಶಸ್ತಿ ಸಲ್ಲುವ ವರ್ಲ್ಡ್ ಸೀರೀಸ್ ಎಂಬ ಬೇಸ್‌ಬಾಲ್ ಫೈನಲಿನಲ್ಲಿ ನಮ್ಮವರು 1948ರ ನಂತರ ಗೆದ್ದಿರಲಿಲ್ಲ. ಎದುರಾಳಿ ಷಿಕಾಗೊ ಕಬ್ಸ್ ಅಂತೂ 1908ರಿಂದ ಗೆದ್ದಿರಲಿಲ್ಲ. ಮೂರಕ್ಕೆ ಒಂದರಿಂದ ಮುಂದಿದ್ದ ನಮ್ಮವರು ಪರಂಪರೆಗೆ ಚ್ಯುತಿ ಬಾರದಂತೆ ಎರಡು ಪಂದ್ಯ ಸೋತು, ನಮ್ಮೂರಿನಲ್ಲೇ ಏಳನೆಯದಕ್ಕೆ ಬಂದು ನಿಂತಿದ್ದರು. ಎಂಟನೆಯ ಇನಿಂಗ್ಸಿನಲ್ಲಿ ರಜಾಯ್ ಡೇವಿಸ್ ಹೊಡೆದ ಹೋಮ್ ರನ್ನಿನಿಂದ ಅಂಕ ಆರು-ಆರು ಸಮವಾದಾಗ ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಉತ್ತರ ಕೊಟ್ಟಿತು. ಒಂಬತ್ತು ಮುಗಿದರೂ ಸಮ. ಅಷ್ಟರಲ್ಲಿ ಮಳೆ.

ಮಳೆಯ ಬಗೆಗೆ ನನಗೆ ಯಾರೂ ಪಾಠ ಹೇಳಬೇಕಿಲ್ಲ. 1992ರ ವಿಶ್ವಕಪ್ ಸೆಮಿಫೈನಲಿನಲ್ಲಿ 13 ಎಸೆತಕ್ಕೆ 22 ಓಟ ಬೇಕಿದ್ದ ದಕ್ಷಿಣ ಆಫ್ರಿಕಕ್ಕೆ, ಹನ್ನೆರಡು ನಿಮಿಷದ ಮಳೆಯ ಬಳಿಕ ಒಂದೇ ಎಸೆತ ಉಳಿದದ್ದನ್ನು ಕಂಡ ತಲೆಮಾರು ನಮ್ಮದು. ಮಳೆಯೆಂದರೆ ಹೊದಿಕೆ ಎಳೆಯಬೇಕು, ಅಂಪೈರುಗಳು ಕೊಡೆ ಹಿಡಿದು ಮೂರು ಸಲ ಬಂದು ಹುಲ್ಲು ತುಳಿದು ನೋಡಬೇಕು, ಯಾರೋ ಲೆಕ್ಕಪತ್ರ ಹಿಡಿದು ಓಡಾಡಬೇಕು. "ಇನ್ನು ಒಂದೂವರೆ ಗಂಟೆಗೆ ಕಡಿಮೆಯಿಲ್ಲ" ಎಂದು ಹೆಂಡತಿಗೆ ಅಧಿಕಾರವಾಣಿಯಿಂದ ಹೇಳಿ, ಸೋಫಾದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿದೆ. ಮಳೆ ಹದಿನೇಳು ನಿಮಿಷಕ್ಕೆ ನಿಂತಿತು. ಕಣ್ಣು ತೆರೆದಾಗ ಷಿಕಾಗೊದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದ ದೃಶ್ಯವನ್ನು ಬಹುಶಃ ಹನ್ನೆರಡನೆಯ ಸಲ ತೋರಿಸುತ್ತಿದ್ದರು, ಎಂಟು-ಏಳು. "ಎಬ್ಬಿಸಬಾರದಿತ್ತೇ?" ಎಂದು ಕೇಳಿದ್ದಕ್ಕೆ ಹೆಂಡತಿ, "ನೀವೇ ಹೇಳಿದ್ರಲ್ಲ ರೀ, ಒಂದೂವರೆ ಗಂಟೆ ಅಂತ. ಇನ್ನೂ ಇಪ್ಪತ್ತು ನಿಮಿಷ ಇತ್ತು" ಎಂದಳು.

ಅಮೆರಿಕನ್ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ, ಚೆಂಡೂ ಗುಂಡಗಿಲ್ಲ. ಅದಕ್ಕೂ ಕ್ರಿಕೆಟ್ಟಿಗೂ ಯಾವ ನೆಂಟಸ್ತಿಕೆಯೂ ಇಲ್ಲದ್ದರಿಂದ ಅಲ್ಲಿ ನಾನು ಸುರಕ್ಷಿತನೆಂದು ಭಾವಿಸಿದ್ದೆ. ಆದರೆ 2009ರ ಶರತ್ಕಾಲದಲ್ಲಿ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಪ್ಪ, ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕೆಂಬ ಮೂಲತತ್ತ್ವವನ್ನು ನಾನು ಅರ್ಧ ಗಂಟೆ ವಿವರಿಸಿದ ಮೇಲೆ, "ಇದು ಚೆಂಡು ಕಂಕುಳಲ್ಲಿಟ್ಕೊಂಡು ಆಡೋ ಕಬಡ್ಡಿ. ಕಬಡ್ಡಿಯಲ್ಲಾದರೂ ಉಸಿರು ಹಿಡೀಬೇಕು. ಇವರು ಎರಡು ಹೆಜ್ಜೆಗೊಂದು ಸಲ ನಿಂತು ಮೀಟಿಂಗ್ ಮಾಡ್ತಾರಲ್ಲೋ" ಎಂದರು. ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು ಹನ್ನೊಂದು ನಿಮಿಷವೆಂದು ಪತ್ರಿಕೆಯವರು ಲೆಕ್ಕ ಹಾಕಿದ್ದನ್ನು ಓದಿದಾಗ ನನಗೆ ಅಪ್ಪನ ಮಾತೇ ನೆನಪಾಯಿತು.

ಅಪ್ಪ ಸರ್ವೇ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಗದ್ದೆ ತೋಟ ಅಳೆದು ನಿವೃತ್ತರಾದವರು. ಹತ್ತು ಗಜ ಆಯಿತೋ ಇಲ್ಲವೋ ಎಂಬ ಅನುಮಾನ ಬಂದು, ಮೈದಾನದೊಳಕ್ಕೆ ಎರಡು ಕಂಬಗಳ ನಡುವೆ ಕಟ್ಟಿದ ಸರಪಳಿಯನ್ನು ಹೊತ್ತು ತಂದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಎಷ್ಟು ಅಡಿಯ ಸರಪಳಿ?" ಮೂವತ್ತು ಎಂದೆ. "ಗುಂಟೆಗೆ ಮೂವತ್ತಮೂರು ಬೇಕು" ಎಂದು ಗೊಣಗಿ ಕನ್ನಡಕ ಒರೆಸಿಕೊಂಡರು. ಸರಪಳಿಯನ್ನು ಬಿಗಿಯಾಗಿ ಎಳೆದು, ಹತ್ತಾರು ಸಾವಿರ ಜನ ಉಸಿರು ಬಿಗಿಹಿಡಿದಿರುವಾಗ, ಚೆಂಡಿನ ಮೂಗಿಗೂ ಕಂಬಕ್ಕೂ ಒಂದಂಗುಲ ಅಂತರವೆಂದು ತೀರ್ಪಾಯಿತು. ಅಪ್ಪ ಮಾತ್ರ ಒಪ್ಪಲಿಲ್ಲ. "ಆ ಚೆಂಡನ್ನು ಅಲ್ಲಿಟ್ಟವರು ಯಾರು?" ಬಿದ್ದವರ ರಾಶಿಯನ್ನು ಸರಿಸಿ, ಚೆಂಡು ಎಲ್ಲಿ ನಿಂತಿತ್ತೆಂದು ರೆಫರಿ ಅಂದಾಜು ಮಾಡಿ ಇಡುತ್ತಾರೆ ಎಂದೆ. "ಬಾಂದುಕಲ್ಲನ್ನು ಕಣ್ಣಂದಾಜಲ್ಲಿ ನೆಟ್ಟು, ಆಮೇಲೆ ಅಂಗುಲ ಹಿಡಿದು ಅಳೆದರೆ ಅದಕ್ಕೆ ಸರ್ವೇ ಅಂತಾರೇನೋ? ನಮ್ಮ ಇಲಾಖೆಯಲ್ಲಾಗಿದ್ದರೆ ಸಸ್ಪೆಂಡ್!" 2025ರಲ್ಲಿ ಲೀಗಿನವರು ಸರಪಳಿಯ ಬದಲು ಕ್ಯಾಮೆರಾಗಳಿಂದ ಅಳೆಯತೊಡಗಿದರು, ಚೆಂಡನ್ನಿಡುವುದು ಇಂದಿಗೂ ಅದೇ ಕಣ್ಣಂದಾಜಿನಲ್ಲಿ. ಊರಿಗೆ ಫೋನು ಮಾಡಿ ತಿಳಿಸಿದಾಗ ಅಪ್ಪ, "ಫೈಲು ಮುಂದಕ್ಕೆ ಹೋಗಿಲ್ಲ ಅಂತಾಯ್ತು" ಎಂದರು.

ನನಗೆ ಬ್ರೌನ್ಸ್ ಎಂಬ ಊರಿನ ಫುಟ್‌ಬಾಲ್ ತಂಡದ ದೀಕ್ಷೆ ಕೊಟ್ಟವರು ಎದುರುಮನೆಯ ಅಜ್ಜ. ತಂಡ ಕೊನೆಯ ಸಲ ಚಾಂಪಿಯನ್ ಆದದ್ದು 1964ರಲ್ಲಿ. ಆಗ ಅವರು ಶಾಲೆಯ ಹುಡುಗ. ಸೂಪರ್ ಬೌಲ್ ಎಂಬ ಫೈನಲ್ ಪಂದ್ಯ ಆಮೇಲೆ ಹುಟ್ಟಿದ್ದು, ಅದರ ಅಂಗಳವನ್ನು ಬ್ರೌನ್ಸ್ ಇನ್ನೂ ತುಳಿದಿಲ್ಲ. 1995ರ ಋತುವಿನ ಬಳಿಕ ಮಾಲೀಕರು ತಂಡವನ್ನೇ ಬಾಲ್ಟಿಮೋರಿಗೆ ಕೊಂಡೊಯ್ದರು. 1999ರಲ್ಲಿ ಹೊಸ ಬ್ರೌನ್ಸ್ ಬರುವ ತನಕ ಭಾನುವಾರಗಳಲ್ಲಿ ಮಾಡಲು ಏನೂ ಇಲ್ಲದೆ ಅಜ್ಜ ತರಗೆಲೆ ಗುಡಿಸುತ್ತಿದ್ದರಂತೆ. ಆ ಮೂರು ವರ್ಷ ಬೀದಿಯಲ್ಲೇ ಅತ್ಯಂತ ಚೊಕ್ಕಟವಾದ ಅಂಗಳ ಅವರದು. ಅವರು ಬಿಡದೆ ಹೇಳುವ ಕಥೆ 2002ರದು. ಕ್ಯಾನ್ಸಸ್ ಸಿಟಿಯ ಎದುರು 39-37ರಿಂದ ಮುಂದಿದ್ದಾಗ, ಪಂದ್ಯ ಮುಗಿಯಿತೆಂದು ತಿಳಿದ ಡ್ವೇನ್ ರಡ್ ಎಂಬ ಆಟಗಾರ ಸಂಭ್ರಮದಲ್ಲಿ ಹೆಲ್ಮೆಟ್ ಕಿತ್ತು ಎಸೆದರು. ಚೆಂಡು ಇನ್ನೂ ಎದುರಾಳಿಯ ಕೈಯಲ್ಲಿ ಓಡುತ್ತಿತ್ತು. ಹೆಲ್ಮೆಟ್ ಎಸೆದದ್ದಕ್ಕೆ ದಂಡ, ದಂಡದಿಂದಾಗಿ ಸಮಯ ಮುಗಿದಿದ್ದರೂ ಇನ್ನೊಂದು ಯತ್ನ, ಆ ಯತ್ನದಲ್ಲಿ ಒಂದು ಒದೆತ, 40-39. "ಸಂಭ್ರಮ ಪಡುವುದು ನಮಗೆ ರೂಢಿಯಿಲ್ಲವಲ್ಲ, ಹಾಗಾಗಿ ತಪ್ಪಿತು" ಎನ್ನುವುದು ಅಜ್ಜನ ಷರಾ.

2017ರಲ್ಲಿ ಬ್ರೌನ್ಸ್ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತರು. ಅದನ್ನು ಆಚರಿಸಲು ಅಭಿಮಾನಿಗಳು 2018ರ ಜನವರಿಯ ಕೊರೆಯುವ ಚಳಿಯಲ್ಲಿ ಕ್ರೀಡಾಂಗಣದ ಸುತ್ತ ಸೊನ್ನೆಯಾಕಾರದಲ್ಲಿ ಮೆರವಣಿಗೆ ಹೊರಟರು. ಮೂರು ಸ್ವೆಟರಿನ ಮೇಲೆ ಅಜ್ಜನ ಹಳೆಯ ಕಿತ್ತಳೆ ಕೋಟು ಹಾಕಿಕೊಂಡು ನಾನೂ ಹೋದೆ. ಸರೋವರದ ಗಾಳಿಗೆ ಮೀಸೆ ಮಂಜುಗಟ್ಟಿ ಮನೆಗೆ ಬಂದವನನ್ನು ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಬಲಕ್ಕೆ ಸುತ್ತು ಹಾಕಿದ್ರೋ, ಎಡಕ್ಕೋ?" ನನಗೆ ನೆನಪಾಗಲಿಲ್ಲ. "ಅಪ್ರದಕ್ಷಿಣೆಯಾಗಿದ್ದರೆ ನನ್ನನ್ನು ಕೇಳಬೇಡಿ" ಎಂದು ಕಷಾಯ ಕೊಟ್ಟಳು.

ಆ ವರ್ಷ ಸೆಪ್ಟೆಂಬರ್ 20ರಂದು ನ್ಯೂಯಾರ್ಕ್ ಜೆಟ್ಸ್ ಎದುರು 14-0 ಹಿಂದೆ ಬಿದ್ದ ಕೂಡಲೇ, ಇದೇನು ನೋಡುವುದೆಂದು ಟಿವಿ ಆರಿಸಿ ಮಲಗಿದೆ. ನಾನು ಮಲಗಿದ ಮೇಲೆ ಬೇಕರ್ ಮೇಫೀಲ್ಡ್ ಎಂಬ ಹೊಸ ಹುಡುಗ ಇಳಿದು 21-17ರಿಂದ ಗೆಲ್ಲಿಸಿಬಿಟ್ಟ. 635 ದಿನಗಳ ನಂತರದ ಮೊದಲ ಗೆಲುವು. ಬ್ರೌನ್ಸ್ ಗೆದ್ದಾಗ ಮಾತ್ರ ಬಾಗಿಲು ತೆರೆಯುವಂತೆ ಬಿಯರ್ ಕಂಪನಿಯೊಂದು ಊರ ತುಂಬ ಇಟ್ಟಿದ್ದ ಫ್ರಿಜ್ಜುಗಳ ಬೀಗಗಳು ತಾವಾಗಿಯೇ ಬಿಚ್ಚಿಕೊಂಡು, ಜನ ಬೀದಿಯಲ್ಲಿ ಕುಣಿದರಂತೆ. ಬೆಳಿಗ್ಗೆ ಅಜ್ಜ ಓಡಿಬಂದು, "ನೋಡಿದಿರಾ?" ಎಂದರು. ಇಲ್ಲ, ಮಲಗಿಬಿಟ್ಟೆ ಎಂದೆ. ಅಜ್ಜನ ಮುಖದ ನಗು ಮೆಲ್ಲಗೆ ಆರಿ, ಅದರ ಜಾಗದಲ್ಲಿ ಒಂದು ಲೆಕ್ಕಾಚಾರ ಮೂಡಿತು. 2016ರ ಮಳೆಯ ರಾತ್ರಿ ನಾನು ಮಲಗಿಯೂ ಸೋತದ್ದನ್ನು ವಾದಕ್ಕೆ ತಂದೆ. ಅದು ಬೇಸ್‌ಬಾಲ್, ಇಲಾಖೆಯೇ ಬೇರೆ ಎಂದು ತಳ್ಳಿಹಾಕಿದರು. ಅಂದಿನಿಂದ ಮುಖ್ಯ ಪಂದ್ಯಗಳ ದಿನ ನಾನು ಟಿವಿಯ ಮುಂದೆ ಕೂರಕೂಡದೆಂದು ಅವರೂ ನನ್ನ ಹೆಂಡತಿಯೂ ಸೇರಿ ತೀರ್ಮಾನಿಸಿದರು.

2021ರ ಜನವರಿ 10ರಂದು ಪಿಟ್ಸ್‌ಬರ್ಗಿನ ವಿರುದ್ಧ ಪ್ಲೇಆಫ್. ನಾನು ಕಂಬಳಿ ಹೊದ್ದು ಗ್ಯಾರೇಜಿನಲ್ಲಿ ಕುಳಿತಿದ್ದೆ. ಮೊದಲ ಯತ್ನದಲ್ಲೇ ಚೆಂಡು ಎದುರಾಳಿ ನಾಯಕನ ತಲೆಯ ಮೇಲಿಂದ ಹಾರಿ ನಮ್ಮವರ ಪಾಲಾಯಿತೆಂದೂ, ಮೊದಲ ಕಾಲು ಭಾಗಕ್ಕೆ 28-0 ಆಯಿತೆಂದೂ ಹೆಂಡತಿ ಬಾಗಿಲ ಸಂದಿಯಿಂದ ವರದಿ ಮಾಡುತ್ತಿದ್ದಳು. 48-37. ಊರು ಸಂಭ್ರಮಿಸಿತು, ನನಗೆ ನೆಗಡಿಯಾಯಿತು.

ಮುಂದಿನ ಭಾನುವಾರ ಕ್ಯಾನ್ಸಸ್ ಸಿಟಿ. ಆ ದಿನವೂ ಗ್ಯಾರೇಜೇ. ಆದರೆ ಮಧ್ಯಂತರ ಸಮೀಪಿಸುತ್ತಿದ್ದಂತೆ ಒಳಗೆ ಮಕ್ಕಳು ಕೂಗಿದ ಕೂಗಿಗೆ ತಡೆಯಲಾರದೆ, ಬಾಗಿಲನ್ನು ನಾಲ್ಕು ಬೆರಳು ತೆರೆದು ಇಣುಕಿದೆ. ರಷಾರ್ಡ್ ಹಿಗ್ಗಿನ್ಸ್ ಚೆಂಡು ಹಿಡಿದು ಗೆರೆಯ ಕಡೆ ಜಿಗಿದು, ಕೈ ಚಾಚಿದ್ದರು; ಇನ್ನೊಂದು ಗೇಣು. ಡಿಕ್ಕಿಯ ರಭಸಕ್ಕೆ ಚೆಂಡು ಅವರ ಕೈಯಿಂದ ಜಾರಿ, ಅಂತಿಮ ಗೆರೆಯಾಚೆಯ ಮೂಲೆಯಿಂದ ಹೊರಗೆ ಉರುಳಿತು. ಎರಡೂ ಕಡೆಯ ಅಂತಿಮ ಗೆರೆಗಳ ನಡುವೆ ಎಲ್ಲಿ ಹಾಗೆ ಹೊರಗೆ ಹೋದರೂ ಚೆಂಡು ನಮ್ಮದಾಗಿಯೇ ಉಳಿಯುತ್ತಿತ್ತು. ಎದುರಾಳಿಯ ಆ ಗೆರೆಯಾಚೆಯಿಂದ ಹೋದರೆ ಮಾತ್ರ ಎದುರಾಳಿಗೆ ಸೇರುತ್ತದೆ. ಕೊನೆಗೆ 22-17. ನಾನು ಸದ್ದಾಗದಂತೆ ಬಾಗಿಲು ಮುಚ್ಚಿ ಹಿಂದೆ ಸರಿಯುವಷ್ಟರಲ್ಲಿ, ಸೋಫಾದ ಮೇಲಿದ್ದ ಮೂವರೂ ಟಿವಿಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.