ಸೋಮಾರಿ ಅಂದವಳು ನಾನೇ

ಡಿಗ್ರಿ ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತಾ ಹದಿನಾರು ವರ್ಷ ಆಯಿತು. ಸೋಷಿಯಲ್ ಸೈಕಾಲಜಿಗೆ ಒಂದು ನೋಟ್‌ಬುಕ್, ಅಬ್ನಾರ್ಮಲ್‌ಗೆ, ಅಂದರೆ ಮಾನಸಿಕ ಕಾಯಿಲೆಗಳ ಪಾಠಕ್ಕೆ, ಇನ್ನೊಂದು. ಒಂದರ ಪಾಠವನ್ನು ಇನ್ನೊಂದರಲ್ಲಿ ಯಾರೂ ಬರೆಯುವುದಿಲ್ಲ. ನಾನೂ ಬರೆಸಿದವಳಲ್ಲ. ಮೊನ್ನೆ ಒಬ್ಬ ಹುಡುಗಿ ಕೇಳಿದಳು, "ಮಿಸ್, ಕ್ಲಿನಿಕಲ್‌ಗೆ ಹೋಗೋರಿಗೆ ಈ ಸೋಷಿಯಲ್ ಯಾಕೆ? ಗುಂಪು, ಜಾಹೀರಾತು, ಚುನಾವಣೆ, ಇಷ್ಟೇ ಅಲ್ವಾ?" ಏನೋ ಒಂದು ಹೇಳಿ ಬೆಲ್ ಹೊಡೆಯುವವರೆಗೆ ತಳ್ಳಿದೆ. ಸರಿಯಾದ ಉತ್ತರ ಕ್ಲಾಸಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರಾದರೆ ಸ್ಕ್ರೋಲ್ ಮಾಡಿ.

ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ. ಬರೆಯಲಾ ಅಂತ ಅವನನ್ನೇ ಕೇಳಿದೆ. "ಹೆಸರು ಹಾಕ್ಬೇಡ, ಫೋಟೋ ಹಾಕ್ಬೇಡ, ಉಳಿದದ್ದು ನಿನ್ನಿಷ್ಟ" ಅಂದ.

ಶುರುವಾದಾಗ ಅವನಿಗೆ ಇಪ್ಪತ್ಮೂರು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಬೈಯುತ್ತಾರೆ ಅನ್ನುತ್ತಿದ್ದ. ಫೋನ್ ಕದ್ದು ಕೇಳುತ್ತಾರೆ ಅಂತ ಸಿಮ್ ಮುರಿದು ಕಮೋಡಿಗೆ ಹಾಕಿದ. ಆಗ ಮನೆಯಲ್ಲಿ ಒಬ್ಬರೂ ಅವನನ್ನು ಬೈಯಲಿಲ್ಲ. ಅಮ್ಮ ದೃಷ್ಟಿ ತೆಗೆದಳು. ಅಪ್ಪ ಆಟೋದಲ್ಲಿ ಆಸ್ಪತ್ರೆವರೆಗೂ ಅವನ ಕೈ ಬಿಡಲಿಲ್ಲ. ಮಾತ್ರೆ ಕೆಲಸ ಮಾಡಿತು. ಎರಡು ಮೂರು ತಿಂಗಳಲ್ಲಿ ದನಿಗಳು ಹೆಚ್ಚುಕಡಿಮೆ ನಿಂತವು. ನಾವು ಬೈಯಲು ಶುರು ಮಾಡಿದ್ದು ಆಮೇಲೆ.

ಹನ್ನೊಂದು ಗಂಟೆಗೆ ಏಳುತ್ತಿದ್ದ. ಸ್ನಾನ ಮಾಡೋ ಅಂದರೆ ಹೂಂ ಅಂದು ಅಲ್ಲೇ ಕೂರುತ್ತಿದ್ದ. ಮೂರು ದಿನ ಅದೇ ಟೀ ಶರ್ಟು. ಮಾತು ಒಂದೆರಡು ಪದ. ಒಂದು ದಿನ ಸಂಜೆ ಕಾಲೇಜಿನಿಂದ ಬಂದವಳು, ಬೆಳಿಗ್ಗೆ ಕೊಟ್ಟ ಕಾಫಿ ಲೋಟ ಹಾಗೇ ಕೆನೆ ಕಟ್ಟಿರುವುದು ನೋಡಿ ಅಂದೆ, "ಸೋಮಾರಿ ಆಗ್ಬಿಟ್ಟಿದೀಯ ಕಣೋ. ಕಾಯಿಲೆ ಎಲ್ಲ ನೆಪ." ಅವತ್ತು ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ನಾನು ಮಾಡಿದ್ದ ಪಾಠ ಅಟ್ರಿಬ್ಯೂಷನ್.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಬ್ಬರು ಹೀಗೇಕೆ ಮಾಡಿದರು ಅನ್ನುವುದಕ್ಕೆ ನಾವು ತಲೆಯೊಳಗೇ ಒಂದು ಕಾರಣ ಕಟ್ಟಿಕೊಳ್ಳುತ್ತೇವಲ್ಲ, ಅದೇ ಅಟ್ರಿಬ್ಯೂಷನ್. ಫ್ರಿಟ್ಜ್ ಹೈಡರ್ 1958ರಲ್ಲಿ ಇದಕ್ಕೊಂದು ಬುನಾದಿ ಹಾಕಿದ. 1977ರಲ್ಲಿ ಲೀ ರಾಸ್ ಅದರಲ್ಲಿನ ನಮ್ಮ ದೊಡ್ಡ ತಪ್ಪಿಗೆ ಹೆಸರಿಟ್ಟ. ಬೇರೆಯವರ ನಡತೆಗೆ ಅವರ ಗುಣವೇ ಕಾರಣ ಅನ್ನುತ್ತೇವೆ, ಸಂದರ್ಭವನ್ನು ನೋಡುವುದೇ ಇಲ್ಲ. ಕ್ಲಾಸಿನಲ್ಲಿ ನಾನು ಕೊಡುವ ಉದಾಹರಣೆ ಬಿಎಂಟಿಸಿ ಬಸ್ಸಿನದು. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಅವನು ಮೋಸಗಾರ. ನಾವು ಐನೂರರ ನೋಟು ಚಾಚಿದರೆ, ಪಾಪ, ನಮ್ಮ ಹತ್ತಿರ ಚಿಲ್ಲರೆ ಇರಲಿಲ್ಲ. ಹುಡುಗರು ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಮನೆಗೆ ಬಂದು ತಮ್ಮನಿಗೆ ಸೋಮಾರಿ ಅನ್ನುತ್ತೇನೆ.

ಬರೀ ಮಾತಲ್ವಾ, ಯಾವ ಮನೆಯಲ್ಲಿ ಬೈಗುಳ ಇಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಜಾರ್ಜ್ ಬ್ರೌನ್ ಅಂತ ಒಬ್ಬ ಇಂಗ್ಲಿಷ್ ಸಮಾಜಶಾಸ್ತ್ರಜ್ಞ. 1950ರ ದಶಕದಲ್ಲಿ ಲಂಡನ್ನಿನ ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದ ಗಂಡಸರು ಆಮೇಲೆ ಏನಾದರು ಅಂತ ಅವನೂ ಜೊತೆಯವರೂ ಹುಡುಕಿಕೊಂಡು ಹೋದರು. ಅಪ್ಪ ಅಮ್ಮ ಅಥವಾ ಹೆಂಡತಿಯ ಹತ್ತಿರ ವಾಪಸ್ ಹೋದವರಿಗೆ ಕಾಯಿಲೆ ಮರುಕಳಿಸಿದ್ದು ಜಾಸ್ತಿ. ಬಾಡಿಗೆ ರೂಮಿನಲ್ಲಿದ್ದವರಿಗೂ, ಅಣ್ಣ ಅಕ್ಕಂದಿರ ಜೊತೆ ಇದ್ದವರಿಗೂ ಕಡಿಮೆ. (ಅಕ್ಕಂದಿರು ಅಂತ ಓದಿ ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣ ನನ್ನ ಬಾಯಿ ನೆನಪಾಯಿತು.) ಮನೆಯವರು ರೋಗಿಯ ಬಗ್ಗೆ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಟೇಪಿನಲ್ಲಿ ಕೇಳಿ ಅಳೆಯುವ ದಾರಿ ಇದರಿಂದ ಹುಟ್ಟಿತು. ಆಡಿದ ಮಾತಿನ ಜೊತೆ ಆಡಿದ ದನಿಯನ್ನೂ ನೋಡುತ್ತಾರೆ. ಟೀಕೆ ಎಷ್ಟು, ಹಗೆ ಎಷ್ಟು, ಅತಿ ಕಾಳಜಿ ಎಷ್ಟು. ಇದಕ್ಕೆ ಎಕ್ಸ್‌ಪ್ರೆಸ್ಡ್ ಎಮೋಷನ್ ಅಂತ ಹೆಸರು. 1976ರಲ್ಲಿ ವಾನ್ ಮತ್ತು ಲೆಫ್ ಅನ್ನುವ ಸಂಶೋಧಕರು ತಮ್ಮ ಲೆಕ್ಕವನ್ನೂ ಬ್ರೌನ್‌ನ ಹಳೆಯ ಲೆಕ್ಕವನ್ನೂ ಸೇರಿಸಿ ನೋಡಿದರು. ಟೀಕೆ, ಹಗೆ, ಅತಿ ಕಾಳಜಿ ಇದ್ದ ಮನೆಗಳಲ್ಲಿ ಒಂಬತ್ತು ತಿಂಗಳೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಕಾಯಿಲೆ ಮರುಕಳಿಸಿತ್ತು. ಉಳಿದ ಮನೆಗಳಲ್ಲಿ ನೂರಕ್ಕೆ 13. ಇನ್ನೊಂದು ವಿಷಯವೂ ಕಂಡಿತು. ಬೈಯುವ ಮನೆಯೇ ಆದರೂ, ವಾರಕ್ಕೆ 35 ಗಂಟೆಗಿಂತ ಕಡಿಮೆ ಹೊತ್ತು ಮುಖಾಮುಖಿ ಇದ್ದರೆ ಅಪಾಯ ಕಡಿಮೆ.

ಹನುಮಂತನಗರದ ಎರಡು ಬೆಡ್‌ರೂಮಿನ ಮನೆಯಲ್ಲಿ ನಾಲ್ಕು ಜನ ಇದ್ದೆವು. ಹಾಲಿನಲ್ಲಿ ಟಿವಿ, ಅಲ್ಲೇ ಅವನ ದಿವಾನ. 35 ಗಂಟೆ ನಮಗೆ ಎರಡೂವರೆ ದಿನಕ್ಕೇ ಮುಗಿದುಹೋಗುತ್ತಿತ್ತು. ಅವನನ್ನು ಹಗಲಿನಲ್ಲಿ ಒಂದು ಡೇ ಕೇರ್‌ಗೆ ಕಳಿಸಿ ಅಂದಾಗ ಅಪ್ಪನಿಗೆ ಸಿಟ್ಟು ಬಂದಿತ್ತು. "ಅಲ್ಲಿ ಹೋಗಿ ಕ್ಯಾಂಡಲ್ ಮಾಡಿದರೆ ಕೆಲಸ ಸಿಗುತ್ತಾ?" ಕ್ಯಾಂಡಲ್ ಮುಖ್ಯ ಅಲ್ಲ ಅಂತ ನಮಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಅವನಿಗೆ ನಮ್ಮಿಂದ ಬಿಡುವು ಬೇಕಿತ್ತು. ನಮಗೂ ಅವನಿಂದ.

ಎರಡು ನೋಟ್‌ಬುಕ್ ಒಂದಾಗುವ ಜಾಗ ಇದು. ಆಮೇಲಿನ ಸಂಶೋಧಕರು ಆ ಟೇಪುಗಳನ್ನು ಅಟ್ರಿಬ್ಯೂಷನ್ ಕಿವಿಯಿಂದ ಕೇಳಿದರು. ಜಾಸ್ತಿ ಟೀಕಿಸುವವರು ಯಾರು? ಮನಸ್ಸು ಮಾಡಿದರೆ ಅವನು ಸರಿಯಾಗಿರಬಲ್ಲ ಅಂತ ನಂಬಿದವರು. ದನಿ ಕೇಳಿಸಿದರೆ ಅದು ಕಾಯಿಲೆ ಅಂತ ಎಲ್ಲರಿಗೂ ಹೊಳೆಯುತ್ತದೆ. ಏಳದೆ ಮಲಗಿರುವುದು, ಮಾತಾಡದಿರುವುದು, ಯಾವುದರಲ್ಲೂ ಆಸೆ ಇಲ್ಲದಿರುವುದು ಕೂಡ ಅದೇ ಕಾಯಿಲೆ. ಡಾಕ್ಟರುಗಳು ನೆಗೆಟಿವ್ ಲಕ್ಷಣ ಅನ್ನುತ್ತಾರೆ, ಮಾತ್ರೆಗೆ ಬೇಗ ಬಗ್ಗದ ಭಾಗ. ಆದರೆ ಹೊರಗಿನಿಂದ ನೋಡಿದರೆ ಅದು ಗುಣದ ಹಾಗೆ ಕಾಣುತ್ತದೆ. ಕನ್ನಡದಲ್ಲಿ ಅದಕ್ಕೆ ಸಿದ್ಧವಾಗಿ ಪದಗಳೂ ಇವೆ. ಸೋಮಾರಿ, ದಂಡಪಿಂಡ, ತಿಂದು ಮಲಗೋನು.

ಇದನ್ನೆಲ್ಲ ಅಮ್ಮನಿಗೆ ಹೇಳಿದ್ದು ಮಾತ್ರ ದೊಡ್ಡ ತಪ್ಪಾಯಿತು. ಅವಳಿಗೆ ಕೇಳಿಸಿದ್ದು ಒಂದೇ: "ನಿನ್ನಿಂದ ಮಗ ಹೀಗಾದ." ಎರಡು ದಿನ ಊಟ ಬಿಟ್ಟಳು. ಅವಳ ತಪ್ಪಲ್ಲ. ಮನಃಶಾಸ್ತ್ರಕ್ಕೆ ತಾಯಂದಿರ ಮೇಲೆ ಗೂಬೆ ಕೂರಿಸಿದ ಇತಿಹಾಸವೇ ಇದೆ. ತಾಯಿಯ ತಣ್ಣನೆಯ ಸ್ವಭಾವದಿಂದಲೇ ಸ್ಕಿಜೋಫ್ರೀನಿಯಾ ಬರುತ್ತೆ ಅಂತ ಅಮೆರಿಕದಲ್ಲಿ ಒಂದು ಕಾಲಕ್ಕೆ ಗಂಭೀರವಾಗಿಯೇ ಹೇಳುತ್ತಿದ್ದರು. ಅದು ಸುಳ್ಳು. ಬ್ರೌನ್ ತೋರಿಸಿದ್ದು ಬೇರೆ. ಕಾಯಿಲೆ ಎಲ್ಲಿಂದಲೋ ಬಂತು, ಬಂದ ಮೇಲೆ ಅದರ ದಾರಿಯಲ್ಲಿ ಮನೆಯ ಮಾತೂ ಸೇರುತ್ತದೆ. ಮನೆಯವರ ಸಿಟ್ಟು ಕೂಡ ಕಾಯಿಲೆಯಿಂದಲೇ ಹುಟ್ಟಿದ್ದು, ಸುಸ್ತಿನಿಂದ ಹುಟ್ಟಿದ್ದು. ಮಗನನ್ನು ಸೋಮಾರಿ ಅಂದ ತಾಯಿಯನ್ನು ಕೆಟ್ಟ ತಾಯಿ ಅಂದರೆ ನಾವು ಮಾಡುವುದೂ ಅದೇ ತಪ್ಪು, ಅಲ್ವಾ?

ಈ ವಿಷಯದಲ್ಲಿ ನಮ್ಮವರು ಮುಂದಿದ್ದರು ಅನ್ನಬೇಕು. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ ಮನೆಯವರನ್ನು ರೋಗಿಯ ಜೊತೆಯೇ ಇರಿಸಿಕೊಂಡರು. ನಮ್ಮ ನಿಮ್ಹಾನ್ಸ್‌ನಲ್ಲೂ ದಶಕಗಳಿಂದ ಮನೆಯವರು ಜೊತೆಗಿದ್ದು ನೋಡಿಕೊಳ್ಳುವ ಪದ್ಧತಿ ಇದೆ. ನನ್ನ ಪ್ರಕಾರ ಮನೆಯವರಿಗೆ ಕಲಿಸುವುದು ಚಿಕಿತ್ಸೆಯ ಜೊತೆ ಕೊಡುವ ಬುದ್ಧಿಮಾತಲ್ಲ, ಅದೇ ಚಿಕಿತ್ಸೆ. ಮಾತ್ರೆ ಬಿಡಿ ಅನ್ನುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ತಮ್ಮ ಇವತ್ತಿಗೂ ಮಾತ್ರೆ ತಗೊಳ್ಳುತ್ತಾನೆ. ಆದರೆ ಡಾಕ್ಟರ್ ಜೊತೆ ತಿಂಗಳಿಗೆ ಹದಿನೈದು ನಿಮಿಷ. ಮಿಕ್ಕ ಹೊತ್ತೆಲ್ಲ ನಮ್ಮ ಜೊತೆ.

ಡಾಕ್ಟರುಗಳೇನು ಈ ತಪ್ಪಿನಿಂದ ಹೊರಗಿಲ್ಲ. 1974ರಲ್ಲಿ ಎಲೆನ್ ಲ್ಯಾಂಗರ್ ಮತ್ತು ರಾಬರ್ಟ್ ಏಬಲ್ಸನ್ ಚಿಕಿತ್ಸಕರಿಗೆ ಒಬ್ಬ ಯುವಕನ ಸಂದರ್ಶನದ ಟೇಪು ತೋರಿಸಿದರು. ಕೆಲವರಿಗೆ ಇವನು ಕೆಲಸಕ್ಕೆ ಅರ್ಜಿ ಹಾಕಿದವನು ಅಂದರು. ಕೆಲವರಿಗೆ ರೋಗಿ ಅಂದರು. ಟೇಪು ಒಂದೇ. ಮನೋವಿಶ್ಲೇಷಣೆಯ ದಾರಿಯವರಿಗೆ, ಅಂದರೆ ಒಳಮನಸ್ಸಿನಲ್ಲಿ ಕಾರಣ ಹುಡುಕುವವರಿಗೆ, ರೋಗಿ ಅಂದ ಕೂಡಲೇ ಅದೇ ಮನುಷ್ಯ ತುಂಬ ಕೆಟ್ಟಿರುವ ಹಾಗೆ ಕಂಡ. ನಡವಳಿಕೆಯನ್ನಷ್ಟೇ ನೋಡುವ ತರಬೇತಿ ಪಡೆದವರ ಮೇಲೆ ಆ ಹಣೆಪಟ್ಟಿ ಅಷ್ಟಾಗಿ ಕೆಲಸ ಮಾಡಲಿಲ್ಲ.

ನಮ್ಮ ಅನುಭವ ಕೇಳಿ. ತಮ್ಮ ಒಂದು ಹಂತದಲ್ಲಿ ಕೂತಲ್ಲಿ ಕೂರಲಾಗದೆ ಒದ್ದಾಡಲು ಶುರು ಮಾಡಿದ. ಕಾಲು ತಡೆಯೋಕೆ ಆಗ್ತಿಲ್ಲ ಅನ್ನುತ್ತಾ ಹಾಲಿನ ಉದ್ದಕ್ಕೂ ನಡೆಯುತ್ತಿದ್ದ. ಆಗ ತೋರಿಸುತ್ತಿದ್ದ ಡಾಕ್ಟರು ಫೈಲ್ ನೋಡಿದರು, ಅವನ ಮುಖ ನೋಡಲಿಲ್ಲ. ಕಾಯಿಲೆ ಜಾಸ್ತಿಯಾಗಿದೆ ಅಂತ ಡೋಸ್ ಏರಿಸಿದರು. ಒದ್ದಾಟ ಇನ್ನೂ ಏರಿತು. ಬೇರೆ ಡಾಕ್ಟರು ಎರಡು ಪ್ರಶ್ನೆ ಕೇಳಿ, ಇದು ಮಾತ್ರೆಯಿಂದಲೇ ಬಂದ ಅಕಥೀಸಿಯಾ ಅಂದರು. ಮೊದಲಿನವರು ಕೆಟ್ಟ ಡಾಕ್ಟರ್ ಅಂತ ಎಷ್ಟೋ ತಿಂಗಳು ಬೈದುಕೊಂಡೆ. ಈಗ ಅಷ್ಟು ಖಾತ್ರಿಯಿಂದ ಹೇಳಲಾರೆ. ಹೊರಗೆ ಬೆಂಚಿನ ಮೇಲೆ ನಲವತ್ತು ಜನ ಕಾಯುತ್ತಿದ್ದರು.

ಡಿಪ್ರೆಷನ್‌ನಲ್ಲಿ ಇದೇ ಕತೆ ಒಳಮುಖವಾಗುತ್ತದೆ. ತಪ್ಪು ನನ್ನದೇ, ಯಾವತ್ತೂ ಹೀಗೇ, ಎಲ್ಲದರಲ್ಲೂ ಹೀಗೇ. ಏಬ್ರಮ್ಸನ್, ಸೆಲಿಗ್‌ಮನ್, ಟೀಸ್‌ಡೇಲ್ ಅನ್ನುವ ಮನಃಶಾಸ್ತ್ರಜ್ಞರು 1978ರಲ್ಲಿ ಬರೆದದ್ದು ಈ ಮೂರರ ಬಗ್ಗೆಯೇ. ಅದೊಂದು ಬೇರೆ ಪೋಸ್ಟ್ ಆಗುವಷ್ಟಿದೆ, ಬಿಡಿ.

ನನಗೆ ತುಂಬ ಇಷ್ಟವಾದ ಅಧ್ಯಯನ ನಮ್ಮ ಪಕ್ಕದ ಮೈಸೂರಿನದು. ಜೋನ್ ಮಿಲ್ಲರ್, 1984. ಷಿಕಾಗೋದವರಿಗೂ ಮೈಸೂರಿನವರಿಗೂ ಘಟನೆಗಳಿಗೆ ಕಾರಣ ಕೇಳಿದ್ದರು. ಅದರಲ್ಲೊಂದು ಬೈಕ್ ಅಪಘಾತ. ಓಡಿಸುತ್ತಿದ್ದ ಲಾಯರು ಪೆಟ್ಟಾದ ಹಿಂಬದಿ ಸವಾರನನ್ನು ಆಸ್ಪತ್ರೆಗೆ ಬಿಟ್ಟು ಕೋರ್ಟಿಗೆ ಹೋದ. ಆ ಸವಾರ ಸತ್ತುಹೋದ. ಅಮೆರಿಕದವರು ಲಾಯರು ಬೇಜವಾಬ್ದಾರಿ ಅಂದುಬಿಟ್ಟರು. ನಮ್ಮವರು ಹೇಳಿದ್ದು: ಕಕ್ಷಿದಾರನಿಗಾಗಿ ಕೋರ್ಟಿಗೆ ಹೋಗುವುದು ಅವನ ಕರ್ತವ್ಯ, ಗಾಬರಿಯೂ ಆಗಿರಬಹುದು, ಪೆಟ್ಟು ಅಷ್ಟು ಜೋರು ಅಂತ ಕಾಣದೆಯೂ ಇರಬಹುದು. ಚಿಕ್ಕ ಮಕ್ಕಳಲ್ಲಿ ಎರಡೂ ಊರಿಗೆ ಅಂಥ ವ್ಯತ್ಯಾಸ ಇರಲಿಲ್ಲ. ಬೆಳೆಯುತ್ತಾ ಬಂದದ್ದು. ಅಂದರೆ ಸಂದರ್ಭ ನೋಡುವುದನ್ನು ನಾವು ಕಲಿಯುತ್ತೇವೆ. ಚಂಡೀಗಢದಲ್ಲಿ ವಿಗ್ ಮತ್ತು ಲೆಫ್ ತಂಡ 1987ರಲ್ಲಿ ಪ್ರಕಟಿಸಿದ ಕೆಲಸದಲ್ಲೂ ನಮ್ಮ ಮನೆಗಳಲ್ಲಿ ಟೀಕೆ ಲಂಡನ್ನಿಗಿಂತ ಕಡಿಮೆ ಅಂತ ಕಂಡಿತ್ತು. ಇದನ್ನು ಹಿಡಿದುಕೊಂಡು ನಮ್ಮ ಕುಟುಂಬ ಪದ್ಧತಿಯ ಗುಣಗಾನ ಮಾಡುವವರಿದ್ದಾರೆ. ಸ್ವಲ್ಪ ತಡೆಯಿರಿ. ಬೆಂಗಳೂರಿನಲ್ಲಿ ಇಎಂಐ ಕಟ್ಟುವ ಮನೆಯಲ್ಲಿ, ಪಕ್ಕದ ಮನೆ ಹುಡುಗನ ಪ್ಯಾಕೇಜ್ ಎಷ್ಟು ಅಂತ ದಿನಾ ಕಿವಿಗೆ ಬೀಳುವಾಗ, ಆ ಹಳೆಯ ಔದಾರ್ಯ ಎಷ್ಟು ಉಳಿದಿದೆಯೋ ಕಾಣೆ. ಬೈಕ್ ಓಡಿಸಿದ ಲಾಯರಿಗೆ ಮೂರು ಕಾರಣ ಹುಡುಕುತ್ತೇವೆ. ಮನೆ ಮಗನಿಗೆ ಒಂದೂ ಹೊಳೆಯುವುದಿಲ್ಲ.

ಇನ್ನು ಜಾಗೃತಿ ಪೋಸ್ಟರುಗಳ ಬಗ್ಗೆ. "ಇದು ಮಿದುಳಿನ ಕಾಯಿಲೆ, ಯಾರ ತಪ್ಪೂ ಅಲ್ಲ." ಒಳ್ಳೆಯ ಮಾತು. ತಪ್ಪು ಹೊರಿಸುವುದು ಇದರಿಂದ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳೂ ಹೇಳುತ್ತವೆ. ಜೊತೆಗೇ, ಇವರು ವಾಸಿಯಾಗಲ್ಲ ಅನ್ನುವ ನಿರಾಸೆ ಜಾಸ್ತಿಯಾಗುತ್ತದೆ ಅಂತಲೂ ಹೇಳುತ್ತವೆ. ಪೋಸ್ಟರಿಗಿಂತ ಎದುರಾ ಎದುರು ಒಡನಾಟ ಹೆಚ್ಚು ಕೆಲಸ ಮಾಡುತ್ತದೆ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಜನಾಂಗದ್ವೇಷದ ಬಗ್ಗೆ ಹೇಳಿದ್ದು ಇದನ್ನೇ. ಸುಮ್ನೆ ಪಕ್ಕದಲ್ಲಿದ್ದರೆ ಸಾಲದು, ಸರಿಸಮವಾಗಿ, ಒಂದೇ ಗುರಿಗೆ ಜೊತೆಯಾಗಿ ಕೆಲಸ ಮಾಡಬೇಕು.

ನಾವು ನಾಗರಬಾವಿಗೆ ಬಂದಾಗ ಓನರ್ ಕೇಳಿದ್ದರು, "ಮಗ ಏನ್ ಮಾಡ್ಕೊಂಡಿದ್ದಾನೆ?" ಅಪ್ಪ ಥಟ್ಟನೆ "ವರ್ಕ್ ಫ್ರಮ್ ಹೋಮ್" ಅಂದರು. ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಸುಳ್ಳಿಲ್ಲ, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಕೆಳಗೆ ಪಾರ್ಕಿಂಗ್‌ನಲ್ಲಿ ಸಂಜೆ ಕೇರಂ ನಡೆಯುತ್ತಿತ್ತು. ನಾಲ್ಕನೆಯವರು ಕಡಿಮೆ ಬಿದ್ದ ದಿನ ತಮ್ಮನನ್ನು ಕರೆದರು. ಅವನು ಓನರ್‌ಗೆ ಜೋಡಿಯಾದ. ರೆಡ್ಡು ಹಾಕುವುದರಲ್ಲಿ ಅವನ ಕೈ ಪಳಗಿದ್ದು. ಐದಾರು ತಿಂಗಳಾದ ಮೇಲೆ ಒಂದು ದಿನ ಅವನೇ, ಸ್ಟ್ರೈಕರ್‌ಗೆ ಪೌಡರ್ ಹಾಕುತ್ತಾ, ತನಗೆ ಏನು ಕಾಯಿಲೆ ಅಂತ ಹೇಳಿಬಿಟ್ಟನಂತೆ. ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ, ಅದಕ್ಕೇನಾ ಮಧ್ಯಾಹ್ನ ಮಲಗೋದು? ಸರಿ, ನಿನ್ ಆಟ" ಅಂದರಂತೆ.

ಮನೆಯಲ್ಲಿ ಇಂಥ ಪರಿಸ್ಥಿತಿ ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.

ಆ ಹುಡುಗಿಗೆ ಇನ್ನೊಂದು ಮಾತು. ಈ ಎರಡು ವಿಷಯಗಳಿಗೂ ದಶಕಗಳ ಕಾಲ ಒಂದೇ ಪತ್ರಿಕೆ ಇತ್ತು, ಜರ್ನಲ್ ಆಫ್ ಅಬ್ನಾರ್ಮಲ್ ಅಂಡ್ ಸೋಷಿಯಲ್ ಸೈಕಾಲಜಿ. 1965ರಲ್ಲಿ ಅದು ಎರಡು ಪಾಲಾಯಿತು. ನಿಮ್ಮ ಎರಡು ನೋಟ್‌ಬುಕ್ಕಿನ ಹಾಗೆ.

ಪೋಸ್ಟ್ ಹಾಕುವ ಮುಂಚೆ ತಮ್ಮನಿಗೆ ಓದಲು ಕೊಟ್ಟೆ. ಪೂರ್ತಿ ಓದಿದ. "ಸೋಮಾರಿ ಅಂದಿದ್ದು ಒಂದು ದಿನ ಅಂತ ಬರೆದಿದ್ದೀಯ" ಅಂದ. ಎಷ್ಟು ದಿನ ಅಂತ ಎಣಿಸಿದ್ದೀಯಾ ಅಂದೆ. ಚಪ್ಪಲಿ ಹಾಕಿಕೊಂಡು ಕೇರಂಗೆ ಇಳಿದು ಹೋದ.